ವಾಲ್ವ್ ರೇಡಿಯೊದ ಮರದ ಪೆಟ್ಟಿಗೆಗೆ ಯಾವ ಪಾಲಿಶ್ ಸರಿ?

ಅಜ್ಜನ ಕಾಲದ ಮರ್ಫಿಯೋ ಬುಶ್ಶೋ ಫಿಲಿಪ್ಸೋ ಅಟ್ಟದಿಂದ ಕೆಳಗಿಳಿದರೆ ಒಳಗಿನ ವಾಲ್ವು, ಕಂಡೆನ್ಸರುಗಳನ್ನು ನೋಡಬಲ್ಲವರು ಇನ್ನೂ ಅಲ್ಲಲ್ಲಿ ಸಿಗುತ್ತಾರೆ. ಪೆಟ್ಟಿಗೆಯ ಮಾತು ಬಂದಾಗ ಮಾತ್ರ ಹೆಚ್ಚಿನವರು ಹಿಡಿಯುವುದು ಒಂದೇ ದಾರಿ: ಮನೆಯ ಕೆಲಸಕ್ಕೆ ಬಂದ ಬಡಗಿಯ ಕೈಗೆ ಕೊಟ್ಟುಬಿಡುವುದು. ಬಾಗಿಲಿಗೆ, ಮಂಚಕ್ಕೆ ಏನು ಮಾಡುತ್ತಾರೋ ಅವರು ಇದಕ್ಕೂ ಅದನ್ನೇ ಮಾಡುತ್ತಾರೆ. ಮೆಷಿನ್ ಹಿಡಿದು ಉಜ್ಜುತ್ತಾರೆ, ಸೀಲರ್ ಬಳಿಯುತ್ತಾರೆ, ಮೇಲೆ ಮೆಲಮಿನ್ ಎಂಬ ಗಟ್ಟಿ ಪಾಲಿಶ್ ಹೊಡೆಯುತ್ತಾರೆ. ಹೊಸ ವಾರ್ಡ್‌ರೋಬಿನ ಹೊಳಪು ಬರುತ್ತದೆ. ನೋಡಿದವರು ಮೆಚ್ಚುತ್ತಾರೆ. ಆದರೆ ಆ ಹೊಳಪನ್ನು ಮತ್ತೆ ತೆಗೆಯಲು ಬರುವುದಿಲ್ಲ, ಅದರಡಿ ಇದ್ದ ಹಳೆಯ ಬಣ್ಣ ಮತ್ತೆ ಸಿಗುವುದಿಲ್ಲ.

ಹಾಗಾಗಿ ಇಲ್ಲಿ ಪ್ರತಿಯೊಂದು ಪಾಲಿಶನ್ನೂ ನಾನು ಅಳೆಯುವುದು ಒಂದೇ ಪ್ರಶ್ನೆಯಿಂದ. ಇಪ್ಪತ್ತು ವರ್ಷ ಬಿಟ್ಟು ಇನ್ನೊಬ್ಬರು ಇದನ್ನು ಸರಿಪಡಿಸಲು ಕೂತರೆ, ಮರಕ್ಕೆ ಗಾಯ ಮಾಡದೆ ಬಿಡಿಸಲು ಆಗುತ್ತದೆಯೇ? ಹೊಳಪು, ಬಾಳಿಕೆ, ಖರ್ಚು ಎಲ್ಲ ಆಮೇಲೆ.

ಇದಕ್ಕೆ ಕಾರಣ ವೆನೀರ್. ವಾಲ್ವ್ ರೇಡಿಯೊಗಳ ಪೆಟ್ಟಿಗೆ ಹೆಚ್ಚಾಗಿ ಇಡೀ ಮರದ್ದಲ್ಲ. ಪ್ಲೈವುಡ್ಡಿನ ಮೇಲೆ ವಾಲ್ನಟ್ಟೋ ತೇಗವೋ ಮಹಾಗನಿಯೋ ಪದರವಾಗಿ ಅಂಟಿರುತ್ತದೆ. ಆ ಪದರದ ದಪ್ಪ ಸುಮಾರು ಮುಕ್ಕಾಲು ಮಿಲಿಮೀಟರ್, ಒಂದಿಷ್ಟು ಹೆಚ್ಚು ಕಡಿಮೆ. ಹಿಂದೊಮ್ಮೆ ಯಾರಾದರೂ ಉಜ್ಜಿದ್ದರೆ ಅದೂ ಉಳಿದಿರುವುದಿಲ್ಲ. ಮೂಲೆಯ ತಿರುವಿನಲ್ಲಿ ಉಪ್ಪು ಕಾಗದವನ್ನು ಒಂದು ಗಳಿಗೆ ಜಾಸ್ತಿ ಒತ್ತಿದರೆ ಪದರ ಹರಿದು ಅಡಿಯ ಪ್ಲೈವುಡ್ ಬೆಳ್ಳಗೆ ಇಣುಕುತ್ತದೆ. ಅದಕ್ಕೆ ಮದ್ದಿಲ್ಲ. ಮೆಷಿನ್ ಸ್ಯಾಂಡರ್ ಅನ್ನು ರೇಡಿಯೊದ ಹತ್ತಿರಕ್ಕೂ ತರಬೇಡಿ ಎಂದು ನಾನು ಸಿಕ್ಕವರಿಗೆಲ್ಲ ಹೇಳುವುದು ಇದಕ್ಕೇ.

ಮೊದಲು ಪೆಟ್ಟಿಗೆ ಖಾಲಿಯಾಗಲಿ

ಪ್ಲಗ್ ಕಿತ್ತು, ಚಾಸಿಯನ್ನೂ (ವಾಲ್ವುಗಳನ್ನು ಕೂರಿಸಿದ ತಗಡಿನ ಚೌಕಟ್ಟು) ಸ್ಪೀಕರನ್ನೂ ಹೊರತೆಗೆಯದೆ ಪಾಲಿಶ್ ಕೆಲಸಕ್ಕೆ ಕೈ ಹಾಕಬಾರದು. ಏಸಿ-ಡಿಸಿ ಎರಡರಲ್ಲೂ ನಡೆಯುತ್ತಿದ್ದ ಟ್ರಾನ್ಸ್‌ಫಾರ್ಮರ್ ಇಲ್ಲದ ಸೆಟ್ಟುಗಳಲ್ಲಿ ಚಾಸಿಯ ತಗಡಿಗೇ ಮೇನ್ಸಿನ ಒಂದು ತಂತಿ ಸೇರಿರುತ್ತದೆ. ಪ್ಲಗ್ ತಿರುಗಿಸಿ ಹಾಕಿದರೆ 230 ವೋಲ್ಟ್ ನೇರ ತಗಡಿಗೆ ಬಂದೀತು. ಪ್ಲಗ್ ಕಿತ್ತ ಮೇಲೂ ದೊಡ್ಡ ಫಿಲ್ಟರ್ ಕಂಡೆನ್ಸರಿನಲ್ಲಿ ವಿದ್ಯುತ್ ಉಳಿದಿರಬಹುದು. ಈ ಕೆಲಸ ಗೊತ್ತಿಲ್ಲದಿದ್ದರೆ ರೇಡಿಯೊ ಮೆಕ್ಯಾನಿಕ್ಕಿನಿಂದಲೇ ಬಿಚ್ಚಿಸಿ.

ಡಯಲ್ ಗಾಜಿನ ಬಗ್ಗೆ ಒಂದು ಎಚ್ಚರಿಕೆ. ಊರುಗಳ ಹೆಸರು, ಮೀಟರ್ ಬ್ಯಾಂಡಿನ ಅಂಕಿಗಳು ಅಚ್ಚಾಗಿರುವುದು ಗಾಜಿನ ಒಳಮೈಯಲ್ಲಿ. ಸ್ಪಿರಿಟ್ (ಪಾಲಿಶ್ ಕೆಲಸದ ಮೆಥಿಲೇಟೆಡ್ ಸ್ಪಿರಿಟ್) ಇರಲಿ, ಎಷ್ಟೋ ಗಾಜುಗಳಲ್ಲಿ ಒದ್ದೆ ಬಟ್ಟೆ ಎಳೆದರೂ ಅಕ್ಷರಗಳು ಎದ್ದು ಬರುತ್ತವೆ. ಹೊರಮೈ ಒರೆಸಿ, ಒಳಮೈಗೆ ಒಣ ಮೆದು ಬ್ರಷ್ ಸಾಕು. ಸ್ಪೀಕರಿನ ಮುಂದಿನ ಜಾಳಿಗೆ ಬಟ್ಟೆ, ಕಂಪನಿಯ ಹೆಸರಿನ ಸ್ಟಿಕ್ಕರು, ಒಳಗೆ ಅಂಟಿಸಿದ ವಾಲ್ವುಗಳ ನಕ್ಷೆಯ ಕಾಗದ ಎಲ್ಲದರ ಫೋಟೊ ತೆಗೆದಿಡಿ.

ಪಾಲಿಶ್ ತೆಗೆಯಲೇಬೇಕೇ?

ಹೆಚ್ಚಿನ ಪೆಟ್ಟಿಗೆಗಳಿಗೆ ಬೇಕಾಗಿಲ್ಲ. ಕಪ್ಪಾಗಿ ಕಾಣುವುದು ಬಹಳ ಸಲ ಪಾಲಿಶ್ ಅಲ್ಲ, ಅದರ ಮೇಲೆ ಕೂತ ಕೊಳೆ: ಒಲೆಯ ಹೊಗೆ, ಊದಿನಕಡ್ಡಿಯ ಮಸಿ, ಬೀಡಿ ಸಿಗರೇಟಿನ ಜಿಡ್ಡು, ಹಬ್ಬಕ್ಕೊಮ್ಮೆ ಒರೆಸಿದ ಎಣ್ಣೆ. ಸ್ವಲ್ಪವೇ ಸೋಪು ಬೆರೆಸಿದ ನೀರಿನಲ್ಲಿ ಅದ್ದಿ ಬಿಗಿಯಾಗಿ ಹಿಂಡಿದ ಬಟ್ಟೆ, ಆಮೇಲೆ ಒಣ ಬಟ್ಟೆ, ಆಮೇಲೆ ಟರ್ಪೆಂಟೈನಿನಲ್ಲಿ ಒರೆಸುವುದು. ಇಷ್ಟರಲ್ಲೇ ಅಡಿಯ ಜೇನುಬಣ್ಣ ಮೇಲೆ ಬಂದು ಕೆಲಸ ಮುಗಿದ ಪೆಟ್ಟಿಗೆಗಳು ಎಷ್ಟೋ. ನೀರು ಹೆಚ್ಚಾದರೆ ವೆನೀರ್ ಏಳುತ್ತದೆ, ಬಟ್ಟೆಯಿಂದ ಹನಿ ತೊಟ್ಟಿಕ್ಕಬಾರದು.

ಕೊಳೆ ಹೋದ ಮೇಲೆ ಅಡಿಯಲ್ಲಿರುವುದು ಯಾವ ಪಾಲಿಶ್ ಎಂದು ಪತ್ತೆ ಮಾಡಬೇಕು. ಹಿಂಬದಿಯ ಅಂಚು, ತಳದ ಹತ್ತಿರ ಹೀಗೆ ಕಣ್ಣಿಗೆ ಬೀಳದ ಜಾಗದಲ್ಲಿ ಹತ್ತಿಗೆ ಸ್ಪಿರಿಟ್ ಮುಟ್ಟಿಸಿ ಒತ್ತಿ. ಮೇಲ್ಮೈ ಅಂಟಂಟಾಗಿ ಹತ್ತಿಗೆ ಬಣ್ಣ ಬಂದರೆ ಅದು ಅರಗು. ಏನೂ ಆಗದಿದ್ದರೆ ಎನ್‌ಸಿ ಥಿನ್ನರ್ ಮುಟ್ಟಿಸಿ. ಅದಕ್ಕೆ ಕರಗಿದರೆ ನೈಟ್ರೊಸೆಲ್ಯುಲೋಸ್ (ಎನ್‌ಸಿ) ಲ್ಯಾಕರ್. ಎರಡಕ್ಕೂ ಜಗ್ಗದಿದ್ದರೆ ವಾರ್ನಿಶ್, ಪಾಲಿಯೆಸ್ಟರ್, ಇಲ್ಲವೇ ಯಾರೋ ಆಮೇಲೆ ಬಳಿದ ಪಿಯು, ಅಂದರೆ ಪಾಲಿಯುರೆಥೇನ್.

ಈ ಪರೀಕ್ಷೆಯಿಂದ ಇನ್ನೊಂದು ಲಾಭವಿದೆ. ಬತ್ತಿದ ಕೆರೆಯ ತಳದಂತೆ ಬಿರುಕು ಬಿಟ್ಟ ಹಳೆ ಪಾಲಿಶನ್ನು ಅದರದೇ ದ್ರಾವಕದಿಂದ ಮತ್ತೆ ಮೆತ್ತಗೆ ಮಾಡಿ ಕೂಡಿಸಬಹುದು. ಅರಗಿಗೆ ಸ್ಪಿರಿಟ್, ಲ್ಯಾಕರಿಗೆ ಥಿನ್ನರ್. ತೆಳುವಾಗಿ ಬ್ರಷ್ಷಿನಲ್ಲಿ ಎಳೆದು ಬಿಟ್ಟರೆ ಹಳೆಯ ಪದರವೇ ಕರಗಿ ಸಮವಾಗಿ ಮತ್ತೆ ಗಟ್ಟಿಯಾಗುತ್ತದೆ. ಕಂಪನಿ ಹಾಕಿದ ಬಣ್ಣ ಹಾಗೇ ಉಳಿಯುತ್ತದೆ. ಹೊಸ ಪಾಲಿಶಿಗೆ ಹೋಗುವ ಮೊದಲು ಇದನ್ನೊಂದು ಸಲ ಮಾಡಿ ನೋಡಲೇಬೇಕು.

1930ರ ದಶಕದ ಕೆಲವು ಅಮೆರಿಕನ್ ಸೆಟ್ಟುಗಳಲ್ಲಿ ಇನ್ನೂ ದೊಡ್ಡ ಅಪಾಯವಿದೆ. ಕಣ್ಣಿಗೆ ಬೀಳುವ ಅಂದದ ಮರದ ಎಳೆ ನಿಜಕ್ಕೂ ಮರದ್ದಲ್ಲ, ಅಗ್ಗದ ಮರದ ಮೇಲೆ ಅಚ್ಚು ಹಾಕಿದ ಚಿತ್ರ. ಪೇಂಟ್ ರಿಮೂವರ್ ಸುರಿದರೆ ಆ ಚಿತ್ರ ಕೆನೆಯ ಹಾಗೆ ಎದ್ದು ಬರುತ್ತದೆ, ಕೆಳಗೆ ಉಳಿಯುವುದು ಬಣ್ಣವಿಲ್ಲದ ಸಪ್ಪೆ ಹಲಗೆ. ಎಳೆಗಳು ಅಸಹಜವೆನಿಸುವಷ್ಟು ನಾಜೂಕಾಗಿ ಮೂಲೆಗಳಲ್ಲಿ ಸರಿಗೂಡಿದ್ದರೆ ಅನುಮಾನಿಸಿ.

ಅರಗು, ಅಂದರೆ ಫ್ರೆಂಚ್ ಪಾಲಿಶ್

ಮನೆಯಲ್ಲಿ, ಸ್ಪ್ರೇ ಗನ್ ಇಲ್ಲದೆ, ಮೊದಲ ಸಲ ಕೆಲಸ ಮಾಡುವವರಿಗೆ ನಾನು ಹೇಳುವುದು ಇದನ್ನೇ. ಅರಗಿನ ಹುಳು ಮರದ ಕೊಂಬೆಗಳ ಮೇಲೆ ಸ್ರವಿಸಿದ್ದನ್ನು ಕಾಯಿಸಿ ಸೋಸಿ ಹಾಳೆ ಮಾಡಿ ಒಡೆದ ಚಕ್ಕೆ ಇದು. ಜಗತ್ತಿಗೆ ಅರಗು ಕೊಡುವ ದೇಶಗಳಲ್ಲಿ ಭಾರತವೇ ಮುಂದು, ಜಾರ್ಖಂಡ್, ಛತ್ತೀಸಗಢದ ಕಾಡುಗಳಿಂದ ಹೆಚ್ಚು ಬರುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಗಳ ಮೇಲಿನ ಹೊಳಪೂ ಅರಗಿನದೇ. ಅಲ್ಲಿ ಕಡೆಯುವ ಯಂತ್ರದಲ್ಲಿ ಸುತ್ತುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ, ಉಜ್ಜಿದ ಬಿಸಿಗೇ ಕರಗಿಸಿ ಹಿಡಿಸುತ್ತಾರೆ. ರೇಡಿಯೊಗೆ ಬೇಕಾದ್ದು ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು.

ಕಾಲು ಲೀಟರ್ ಸ್ಪಿರಿಟ್ಟಿಗೆ 30 ಗ್ರಾಂ ಚಕ್ಕೆ ಹಾಕಿದರೆ ತೆಳು, 60 ಗ್ರಾಂ ಹಾಕಿದರೆ ಕೊಂಚ ಗಟ್ಟಿ. ರಾತ್ರಿ ನೆನೆಹಾಕಿ ಬೆಳಗ್ಗೆ ಬಟ್ಟೆಯಲ್ಲಿ ಸೋಸಿದರೆ ಆಯಿತು. ಸ್ಪಿರಿಟ್ ಸಿಗದ ಕಡೆ ನೀರಿಲ್ಲದ ಶುದ್ಧ ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲೂ ಕರಗುತ್ತದೆ, ನಿಧಾನವಾಗಿ. ಕರಗಿಸಿದ್ದು ತಿಂಗಳುಗಟ್ಟಲೆ ಕೂತರೆ ಶಕ್ತಿ ಕಳೆದುಕೊಳ್ಳುತ್ತದೆ, ಬಳಿದರೆ ಒಣಗುವುದೇ ಇಲ್ಲ. ಅಂಗಡಿಯ ಸಿದ್ಧ ಬಾಟಲಿ ಎಂದಿನದೋ ಗೊತ್ತಾಗುವುದಿಲ್ಲ. ಗಾಜಿನ ಮೇಲೆ ಒಂದು ಹನಿ ಹಾಕಿ ಮರುದಿನ ಉಗುರಿನಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಆ ಬಾಟಲಿ ಬೇಡ.

ವಾಲ್ನಟ್, ಮಹಾಗನಿ, ತೇಗಗಳಲ್ಲಿ ಸಣ್ಣ ತೂತುಗಳಿರುತ್ತವೆ. ಮೈ ನುಣುಪಾಗಬೇಕಾದರೆ ಮೊದಲು ಅವನ್ನು ತುಂಬಬೇಕು. ನಮ್ಮ ಹಳೆ ಪಾಲಿಶ್ ಕೆಲಸದವರು ಸೀಮೆಸುಣ್ಣದ ಪುಡಿಗೆ ಕಾವಿ ಮಣ್ಣು, ಹಳದಿ ಮಣ್ಣು ಬೆರೆಸಿ ಮರದ ಬಣ್ಣಕ್ಕೆ ತಂದು ಉಜ್ಜುತ್ತಿದ್ದರು. ಬಣ್ಣ ಮರಕ್ಕಿಂತ ಒಂದೆಳೆ ಗಾಢವಿರಲಿ, ತಿಳಿಯಾದರೆ ಆಮೇಲೆ ಬಿಳಿ ಚುಕ್ಕೆಗಳಾಗಿ ಎದ್ದು ಕಾಣುತ್ತದೆ. ಆಮೇಲೆ ಹಳೆಯ ಬಿಳಿ ಪಂಚೆಯ ತುಂಡಿನಲ್ಲಿ ಹತ್ತಿ ಇಟ್ಟು ಉಂಡೆ ಕಟ್ಟಿ, ಅರಗಿನಲ್ಲಿ ನೆನೆಸಿ, ಎಳೆಯ ಜಾಡಿನಲ್ಲಿ ಒಮ್ಮೆ, ಸುರುಳಿಯಾಗಿ ಒಮ್ಮೆ ತೆಳುವಾಗಿ ಹಚ್ಚುತ್ತಾ ಹೋಗುವುದು. ಉಂಡೆ ಅಂಟತೊಡಗಿದರೆ ಅಗಸೆ ಎಣ್ಣೆಯ ಒಂದೇ ಹನಿ. ಕೈ ಎಲ್ಲೂ ನಿಲ್ಲಬಾರದು, ನಿಂತಲ್ಲಿ ಉಂಡೆ ಕೆಳಗಿನ ಪದರವನ್ನು ಕಿತ್ತುಕೊಂಡು ಬರುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪದಂತೆ ಒಂದು ವಾರದ ಸಂಜೆಗಳು ಹೋಗುತ್ತವೆ. ಆ ವಾರದ ಕೊನೆಗೆ ಪೆಟ್ಟಿಗೆಯ ಮೈಯಲ್ಲಿ ಕಾಣುವ ಆಳ ಬೇರೆ ಯಾವ ಪಾಲಿಶಿನಿಂದಲೂ ಬರುವುದಿಲ್ಲ. ಇದನ್ನು ನಾನು ಪೂರ್ತಿ ನಂಬಿ ಹೇಳುತ್ತೇನೆ.

ದೋಷಗಳೂ ಸಣ್ಣವಲ್ಲ. ನೀರು ನಿಂತರೆ ಬಿಳಿ ಕಲೆ. ಬಿಸಿ ಲೋಟ ಇಟ್ಟರೆ ಉಂಗುರ. ಔಟ್‌ಪುಟ್ ವಾಲ್ವು, ರೆಕ್ಟಿಫೈಯರ್ ವಾಲ್ವು ಇರುವ ಕಡೆ ಪೆಟ್ಟಿಗೆಯ ನೆತ್ತಿ ಗಂಟೆಗಟ್ಟಲೆ ಬೆಚ್ಚಗಿರುತ್ತದೆ. ಅಲ್ಲಿ ಕ್ರೋಶ ಬಟ್ಟೆ ಹಾಸಿ ಮೇಲೆ ಫೋಟೊ ಫ್ರೇಮ್ ಇಡುವುದು ನಮ್ಮ ಮನೆಗಳ ಅಭ್ಯಾಸ. ಅರಗು ಮೆತ್ತಗಾಗಿ ಬಟ್ಟೆಯ ಹೆಣಿಗೆ ಅಚ್ಚಾಗಿ ಕೂರುತ್ತದೆ. ಆದರೂ ಇವೆಲ್ಲ ಸ್ಪಿರಿಟ್ ಹಚ್ಚಿದ ಉಂಡೆಯ ನಾಲ್ಕು ಎಳೆತಕ್ಕೆ ಸರಿಹೋಗುವ ದೋಷಗಳು. ನನ್ನ ಲೆಕ್ಕದಲ್ಲಿ ಅರಗು ಗೆಲ್ಲುವುದು ಇಲ್ಲಿ.

ರೇಡಿಯೊಗ್ರಾಮ್ (ಒಂದೇ ಪೆಟ್ಟಿಗೆಯಲ್ಲಿ ರೇಡಿಯೊ ಮತ್ತು ರೆಕಾರ್ಡ್ ಪ್ಲೇಯರ್) ಇದ್ದವರಿಗೆ ಒಂದು ಮಾತು: 78 ಆರ್‌ಪಿಎಮ್ಮಿನ ಹಳೆಯ ತಟ್ಟೆಗಳನ್ನೂ ಅರಗು ಬೆರೆಸಿಯೇ ಮಾಡುತ್ತಿದ್ದರು. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಅವನ್ನು ಒರೆಸಿದರೆ ಹಾಡು ಅಳಿಸಿಹೋಗುತ್ತದೆ.

ಎನ್‌ಸಿ ಲ್ಯಾಕರ್

ಕಂಪನಿಯಿಂದ ಬಂದಾಗ ಹೇಗಿತ್ತೋ ಹಾಗೆಯೇ ಬೇಕೆನ್ನುವವರಿಗೆ ಉತ್ತರ ಇದು. 1920ರ ದಶಕದಲ್ಲಿ ಡುಪಾಂಟ್ ಕಂಪನಿ ಕಾರುಗಳಿಗೆಂದು ಬೇಗ ಒಣಗುವ ಡ್ಯೂಕೊ ತಂದಿತು; ಅದು ನೈಟ್ರೊಸೆಲ್ಯುಲೋಸ್ ಲ್ಯಾಕರ್. ದಿನಗಟ್ಟಲೆ ಹಿಡಿಯುತ್ತಿದ್ದ ಕೆಲಸ ಗಂಟೆಗಳಿಗೆ ಇಳಿಯಿತು. ಪೀಠೋಪಕರಣ, ರೇಡಿಯೊ ಕಾರ್ಖಾನೆಗಳು ಅದೇ ಬಗೆಯ ಲ್ಯಾಕರನ್ನು ಹಿಡಿದವು. ನಮ್ಮ ಬಡಗಿಗಳ ಬಾಯಲ್ಲಿ ‘ಡ್ಯೂಕೊ ಪೇಂಟ್’ ಇಂದಿಗೂ ಉಳಿದಿದೆ. ಅಮೆರಿಕದ ಫಿಲ್ಕೊ, ಇಂಗ್ಲೆಂಡಿನ ಮರ್ಫಿ, ಬುಶ್‌ಗಳಂಥ ಕಾರ್ಖಾನೆ ಸೆಟ್ಟುಗಳ ಮೇಲೆ ಸಾಮಾನ್ಯವಾಗಿ ಸಿಗುವುದು ಸ್ಪ್ರೇ ಮಾಡಿದ ಈ ಲ್ಯಾಕರ್ರೇ.

ಆ ಕಾಲದ ಸೆಟ್ಟುಗಳ ಗುಟ್ಟಿರುವುದು ಟೋನರ್‌ನಲ್ಲಿ, ಅಂದರೆ ಬಣ್ಣ ಬೆರೆಸಿದ ಲ್ಯಾಕರಿನಲ್ಲಿ. ಗೋಪುರದಂತೆ ಮೇಲಕ್ಕೆ ಕೂಡುವ 1931ರ ಫಿಲ್ಕೊ 90ರಂಥ ಸೆಟ್ಟಿನಲ್ಲಿ ಅಂಚು, ಕಂಬ, ಪಟ್ಟಿಗಳು ಗಾಢ ಕಂದು, ನಡುವಿನ ವೆನೀರ್ ತಿಳಿ. ಆ ಗಾಢತನ ಮರದ್ದಲ್ಲ. ಅಗ್ಗದ ಮರವನ್ನು ವಾಲ್ನಟ್ಟಿನ ಬಣ್ಣಕ್ಕೆ ತಂದದ್ದು ಟೋನರ್. ಪಾಲಿಶ್ ತೆಗೆದು ಬಣ್ಣವಿಲ್ಲದ ಪಾಲಿಶ್ ಹಚ್ಚಿದರೆ ಇಡೀ ಪೆಟ್ಟಿಗೆ ಒಂದೇ ಬಣ್ಣಕ್ಕೆ ತಿರುಗಿ ಅದರ ಮುಖಚಹರೆಯೇ ಹೋಗುತ್ತದೆ. ಅರಗಿಗೂ ಸ್ಪಿರಿಟ್ಟಿನಲ್ಲಿ ಕರಗುವ ಡೈ ಬೆರೆಸಬಹುದು, ಆದರೆ ಒಂದು ಅಂಚಿನಿಂದ ಇನ್ನೊಂದಕ್ಕೆ ಗೆರೆಯಿಲ್ಲದೆ ಬಣ್ಣ ತಿಳಿಯಾಗುತ್ತ ಹೋಗಬೇಕಾದರೆ ಸ್ಪ್ರೇ ಬೇಕೇ ಬೇಕು.

ಬಿಡಿಸುವ ಲೆಕ್ಕದಲ್ಲಿ ಲ್ಯಾಕರಿಗೂ ಪೂರ್ಣ ಅಂಕ. ಹೊಸ ಕೋಟು ಹಳೆಯದರೊಳಗೆ ಕರಗಿ ಒಂದಾಗುತ್ತದೆ, ಗೀರು ಬಿದ್ದಲ್ಲಷ್ಟೇ ಸರಿಪಡಿಸಬಹುದು, ಬೇಡವೆಂದರೆ ಥಿನ್ನರಿನಲ್ಲಿ ತೊಳೆದು ತೆಗೆಯಬಹುದು. ನೀರಿಗೂ ಸ್ಪಿರಿಟ್ಟಿಗೂ ಅರಗಿಗಿಂತ ಹೆಚ್ಚು ತಾಳುತ್ತದೆ.

ತೊಂದರೆ ಕೊಡುವುದು ಹವೆ. ಥಿನ್ನರ್ ಸರ್ರನೆ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಲ್ಯಾಕರ್ ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಮಂಗಳೂರು, ಕಾರವಾರಗಳ ಕಡೆ ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಕೆಲಸದ ಯೋಚನೆಯೇ ಬೇಡ. ಆಗುಂಬೆ ಸುತ್ತಿನ ಮಲೆನಾಡಿಗೂ ಇದೇ ಮಾತು. ಬಯಲುಸೀಮೆಯಲ್ಲಿ ಡಿಸೆಂಬರಿನಿಂದ ಮಾರ್ಚ್ ಹೇಳಿ ಮಾಡಿಸಿದ ಕಾಲ. ಬೆಳ್ಳಗಾಗಿಬಿಟ್ಟರೆ ನಿಧಾನವಾಗಿ ಆರುವ ರಿಟಾರ್ಡರ್ ಥಿನ್ನರನ್ನು ಮಂಜಿನಷ್ಟು ತೆಳ್ಳಗೆ ಹೊಡೆದರೆ ಹೆಚ್ಚಾಗಿ ತಿಳಿಯಾಗುತ್ತದೆ. ಅರಗಿಗೂ ಮಳೆಗಾಲ ಆಗದು, ಆದರೆ ಈ ಮಟ್ಟಿಗೆ ಕಾಡುವುದಿಲ್ಲ.

ಮತ್ತೆ ಬೆಂಕಿ, ಆವಿ. ನೈಟ್ರೊಸೆಲ್ಯುಲೋಸ್ ಭಗ್ಗನೆ ಹೊತ್ತಿಕೊಳ್ಳುವ ವಸ್ತು. ಅಡುಗೆಮನೆಯ ಪಕ್ಕ, ದೇವರ ದೀಪ ಉರಿಯುವ ಕೋಣೆ, ಬಾಲ್ಕನಿ ಮುಚ್ಚಿದ ಫ್ಲ್ಯಾಟ್ ಯಾವುದೂ ಇದಕ್ಕೆ ಜಾಗವಲ್ಲ. ರಾಸಾಯನಿಕ ಆವಿಗೆಂದೇ ಕಾರ್ಟ್ರಿಜ್ ಇರುವ ಮಾಸ್ಕ್ ಬೇಕು, ಧೂಳಿಗೆ ಕಟ್ಟುವ ಬಟ್ಟೆ ಸಾಲದು. ಇಷ್ಟು ವ್ಯವಸ್ಥೆ ಇಲ್ಲದವರು ಸ್ಪ್ರೇ ಡಬ್ಬಿ ತಂದು ಕೋಣೆಯಲ್ಲಿ ಹೊಡೆಯುವುದಕ್ಕಿಂತ ಅರಗಿಗೆ ಬರುವುದೇ ಮೇಲು.

ಎಣ್ಣೆ

ವಾಲ್ನಟ್ಟಿನ ಹೊಳೆಯುವ ಸೆಟ್ಟಿಗೆ ಎಣ್ಣೆ ಸಲ್ಲದು, ಸಪ್ಪಗೆ ಕಾಣುತ್ತದೆ. ಆದರೆ ಡೆನ್ಮಾರ್ಕಿನ ಬ್ಯಾಂಗ್ ಅಂಡ್ ಓಲುಫ್ಸೆನ್ ಮಾಡುತ್ತಿದ್ದ 1960ರ ದಶಕದ ತೇಗ, ಬೀಟೆ ವೆನೀರಿನ ಉದ್ದನೆಯ ಸೆಟ್ಟುಗಳಿಗೆ ಹೊಳಪು ಹೊಂದುವುದಿಲ್ಲ, ಮರ ಮರದ ಹಾಗೆಯೇ ಮಂಕಾಗಿ ಕಾಣಬೇಕು. ಅಂಥವಕ್ಕೆ ಎಣ್ಣೆಯೇ ಸರಿ. ತೆಳುವಾಗಿ ಹಚ್ಚಿ, ಹತ್ತಿಪ್ಪತ್ತು ನಿಮಿಷ ಬಿಟ್ಟು ಮಿಕ್ಕಿದ್ದನ್ನು ಪೂರ್ತಿ ಒರೆಸಬೇಕು. ಅಗಸೆ ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಮೂಲೆಗೆ ಎಸೆಯಬೇಡಿ, ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಮೆಲಮಿನ್ ಮತ್ತು ಪಿಯು

ಇವು ಕೆಟ್ಟ ವಸ್ತುಗಳೆಂದು ನಾನು ಹೇಳುತ್ತಿಲ್ಲ. ಊಟದ ಮೇಜಿಗೆ, ಬಾಗಿಲಿಗೆ ಪಿಯುಗಿಂತ ಒಳ್ಳೆಯದು ಕಡಿಮೆ. ನೀರು, ಬಿಸಿ, ಗೀರು ಎಲ್ಲಕ್ಕೂ ತಾಳುತ್ತದೆ. ಅರಗು, ಎನ್‌ಸಿ ಒಣಗುವುದು ದ್ರಾವಕ ಆರಿದ್ದರಿಂದ. ಮೆಲಮಿನ್ನೂ ಎರಡು ಡಬ್ಬಿ ಬೆರೆಸುವ ಪಿಯುವೂ ಗಟ್ಟಿಯಾಗುವುದು ರಾಸಾಯನಿಕ ಕ್ರಿಯೆಯಿಂದ. ಒಮ್ಮೆ ಗಟ್ಟಿಯಾದ ಮೇಲೆ ಅದರದೇ ಥಿನ್ನರಿಗೂ ಕರಗದು. ಗೀರು ಬಿದ್ದರೆ ಆ ಜಾಗವಷ್ಟನ್ನೇ ಕಲೆ ಕಾಣದಂತೆ ಸರಿಪಡಿಸುವುದು ಕಷ್ಟ. ತೆಗೆಯಬೇಕೆಂದರೆ ಉಜ್ಜಬೇಕು, ಇಲ್ಲವೇ ಉಗ್ರ ರಿಮೂವರ್ ಹಾಕಿ ಕೆರೆಯಬೇಕು. ಮುಕ್ಕಾಲು ಮಿಲಿಮೀಟರಿನ ವೆನೀರ್ ಇನ್ನೊಂದು ಸಲ ಅದನ್ನು ತಾಳುವುದಿಲ್ಲ.

ವೆನೀರ್ ಪೂರ್ತಿ ಹಾಳಾಗಿ ಹೊಸದನ್ನೇ ಅಂಟಿಸಿದ ಪೆಟ್ಟಿಗೆಯಾದರೆ, ಮನೆ ಕಡಲ ದಂಡೆಯಲ್ಲಿದ್ದು ರೇಡಿಯೊ ದಿನಬಳಕೆಯದಾದರೆ, ಮ್ಯಾಟ್ ಪಿಯುವನ್ನು ನಾನು ಒಪ್ಪುತ್ತೇನೆ. ಮೂಲ ವೆನೀರ್ ಉಳಿದಿರುವ ಪೆಟ್ಟಿಗೆಗೆ ಬೇಡವೇ ಬೇಡ.

ಯಾವ ಸೆಟ್ಟಿಗೆ ಯಾವುದು

ಕೊಳೆ ತೆಗೆದರೆ ಸಾಕೆನಿಸುವ ಪೆಟ್ಟಿಗೆಗೆ ತೆಳುವಾದ ಮೇಣ ಹಚ್ಚಿ ನಿಲ್ಲಿಸಿ. ಮರ್ಫಿ, ಬುಶ್, ಫಿಲಿಪ್ಸ್ ಬಗೆಯ ವಾಲ್ನಟ್ ಸೆಟ್ಟಿನ ಪಾಲಿಶ್ ಅಲ್ಲಲ್ಲಿ ಹೋಗಿದ್ದು ಬಣ್ಣ ಉಳಿದಿದ್ದರೆ ಹಳೆಯದರ ಮೇಲೆಯೇ ಅರಗು ಹಚ್ಚಬಹುದು. ಸ್ವಚ್ಛವಾದ ಲ್ಯಾಕರಿನ ಮೇಲೂ ಅರಗು ಹಿಡಿಯುತ್ತದೆ. ಎರಡು ಬಣ್ಣದ ಅಮೆರಿಕನ್ ಸೆಟ್ಟಿನ ಟೋನರ್ ಹೋಗಿದ್ದರೆ ಎನ್‌ಸಿ, ಅದೂ ಸ್ಪ್ರೇ ಕೈ ಪಳಗಿದವರಿಂದ. 1950ರ ದಶಕದ ಜರ್ಮನ್ ಗ್ರುಂಡಿಗ್, ಟೆಲಿಫುಂಕನ್‌ಗಳಲ್ಲಿ ಗಾಜಿನಂಥ ದಪ್ಪ ಹೊಳಪಿದ್ದರೆ ಆದಷ್ಟು ಅದನ್ನೇ ಉಳಿಸಿಕೊಳ್ಳಿ: ನುಣುಪು ನೀರುಕಾಗದ (ಒದ್ದೆ ಮಾಡಿ ಉಜ್ಜುವ ಉಪ್ಪು ಕಾಗದ), ಆಮೇಲೆ ಕಾರಿನ ರಬ್ಬಿಂಗ್ ಕಾಂಪೌಂಡ್. ಆ ದಪ್ಪ ಕಿತ್ತರೆ ಮತ್ತೆ ಕಟ್ಟುವುದು ಮನೆಯಲ್ಲಿ ಆಗುವ ಕೆಲಸವಲ್ಲ.

ಯಾವುದನ್ನೇ ಆರಿಸಿದರೂ ವೆನೀರ್ ಎದ್ದಿರುವ ಕಡೆ ಮೊದಲು ಕೂರಿಸಬೇಕು. ಉಗುರಿನಿಂದ ತಟ್ಟುತ್ತ ಹೋಗಿ, ಟೊಳ್ಳು ಸದ್ದು ಬಂದಲ್ಲಿ ಅಂಟು ಬಿಟ್ಟಿದೆ. ಹಳೆಯ ಸೆಟ್ಟುಗಳ ಅಂಟು ಬಹುಪಾಲು ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆದದ್ದು, ಬಿಸಿಗೆ ಮತ್ತೆ ಕರಗುತ್ತದೆ. ಒದ್ದೆ ಬಟ್ಟೆಯ ಮೇಲೆ ಹದವಾದ ಇಸ್ತ್ರಿ ಪೆಟ್ಟಿಗೆ ಒತ್ತಿ, ಮೇಲೆ ಭಾರ ಹೇರಿ ಒಂದು ರಾತ್ರಿ ಬಿಟ್ಟರೆ ಹಲವು ಸಲ ಹೊಸ ಗೋಂದೂ ಬೇಡ. ಇಸ್ತ್ರಿಯ ಬಿಸಿಗೆ ಅಲ್ಲಿನ ಪಾಲಿಶ್ ಬೆಳ್ಳಗಾಗುತ್ತದೆ, ಆದ್ದರಿಂದ ಈ ಕೆಲಸ ಪಾಲಿಶಿಗೆ ಮೊದಲೇ ಆಗಲಿ. ಕುಟ್ಟೆ ಹಿಡಿದು ಪುಡಿ ಉದುರುತ್ತಿದ್ದರೆ ಅದಕ್ಕೂ ಮೊದಲು ಔಷಧಿ.

ಇಷ್ಟೆಲ್ಲ ಓದಿಯೂ ಬಡಗಿಗೇ ಕೊಡುವುದಾದರೆ ತಪ್ಪೇನಿಲ್ಲ. ಹಳೆ ಮೇಜು ಕುರ್ಚಿ ಮಾರುವ ಅಂಗಡಿಗಳಲ್ಲಿ ವಿಚಾರಿಸಿದರೆ ಫ್ರೆಂಚ್ ಪಾಲಿಶ್ ಬಲ್ಲ ಹಿರಿಯರು ಈಗಲೂ ಸಿಗುತ್ತಾರೆ. ಕೊಡುವಾಗ ಎದುರಿಗೇ ಕೂತು ನಾಲ್ಕು ಮಾತು ಹೇಳಿ: “ಮೆಷಿನ್ ಬೇಡಣ್ಣ, ಕೈಯಲ್ಲೇ ಉಜ್ಜಿ, 240 ನಂಬರಿಗಿಂತ ಒರಟು ಉಪ್ಪು ಕಾಗದ ಬೇಡ. ಕಾಸ್ಟಿಕ್ ಸೋಡಾ ನೀರು ಹಾಕಬೇಡಿ, ವೆನೀರ್ ಏಳುತ್ತೆ. ಮೇಲೆ ಮೆಲಮಿನ್ ಹೊಡೀಬೇಡಿ, ಸ್ಪಿರಿಟ್ ಪಾಲಿಶೇ ಇರಲಿ.” ಮೊದಲು ತಳದಲ್ಲಿ ಒಂದು ಅಂಗೈಯಗಲ ಮಾಡಿಸಿ, ಹಗಲ ಬೆಳಕಿನಲ್ಲಿ ಬಣ್ಣ ನೋಡಿ ಒಪ್ಪಿದ ಮೇಲೆ ಉಳಿದದ್ದು. ಕೊನೆಯ ಕೈ ಹಾಕಿದ ಮೇಲೆ ಅರಗಾದರೆ ಒಂದು ವಾರ, ಎನ್‌ಸಿ ಆದರೆ ಎರಡು ಮೂರು ವಾರ ಗಾಳಿಯಾಡುವ ಕಡೆ ಬಿಟ್ಟು ಆಮೇಲೆ ಚಾಸಿ ಕೂರಿಸಿ. ಹಿಂಬದಿ ಹಲಗೆಯ ಗಾಳಿ ತೂತುಗಳು ಪಾಲಿಶಿನಿಂದ ಮುಚ್ಚಿಲ್ಲವೆಂದು ನೋಡಿಕೊಳ್ಳಿ. ಸೆಟ್ಟನ್ನು ಗೋಡೆಯಿಂದ ನಾಲ್ಕು ಬೆರಳು ಈಚೆ ಇಡಿ.